ಬೂದು ಬಣ್ಣದ ಸಣ್ಣ ಟ್ರಾಕ್ಟರ್

ಹಳೆಯ ಟ್ರಾಕ್ಟರ್ ಕೊಳ್ಳಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡುತ್ತಾರೆ, ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ, ಟೈರಿಗೆ ಒಂದು ಒದೆ ಕೊಡುತ್ತಾರೆ. ಹಿಂದೆ ಹೋಗಿ ಬಗ್ಗಿ ನೋಡುವವರು ಕಡಿಮೆ. ಅಲ್ಲಿ ಇರುವುದಾದರೂ ಏನು? ಕೆಳಗೆ ಎರಡು ಕಬ್ಬಿಣದ ತೋಳು, ಮೇಲೆ ನಡುವೆ ಒಂದು ಸರಳು, ಮೂರು ಪಿನ್ನು. ಗ್ರೀಸು ಮಣ್ಣು ಮೆತ್ತಿಕೊಂಡ ಆ ಜಾಗ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಆದರೆ ಕಲ್ಲು, ಬೇರು, ಏರು ತಗ್ಗು ತುಂಬಿದ ಹೊಲಕ್ಕೆ ಒಂದು ಹಗುರ ಟ್ರಾಕ್ಟರು ಇಳಿದು, ಕೆಲಸ ಮುಗಿಸಿ, ಓಡಿಸುವವನ ಸಮೇತ ಮನೆಗೆ ಮರಳುವುದು ಸಾಧ್ಯವಾದದ್ದು ಈ ಮೂರು ಪಿನ್ನುಗಳಿಂದ. ಅವು ಅಲ್ಲಿಗೆ ಬಂದದ್ದು ಸುಲಭವಾಗಿಯಲ್ಲ. ಆ ಕಥೆಯಲ್ಲಿ ಸಾವುಗಳಿವೆ, ಬರೀ ಕೈಕುಲುಕಿ ಮಾಡಿದ ಒಪ್ಪಂದವಿದೆ, ಕೋಟ್ಯಂತರ ಡಾಲರಿನ ಮೊಕದ್ದಮೆಯಿದೆ, ಕೊನೆಗೆ ದಕ್ಷಿಣ ಧ್ರುವವೂ ಬರುತ್ತದೆ.

ಟ್ರಾಕ್ಟರ್ ಬಂದ ಹೊಸದರಲ್ಲಿ ಅದನ್ನು ಎಲ್ಲರೂ ಕಬ್ಬಿಣದ ಕುದುರೆ ಎಂದೇ ತಿಳಿದಿದ್ದರು. ಕುದುರೆ ಬಿಚ್ಚಿದ ಜಾಗಕ್ಕೆ ಯಂತ್ರವನ್ನು ತಂದು ಕಟ್ಟಿದರು. ಹಿಂದಿನ ನೇಗಿಲು ಅದೇ, ಎಳೆಯುವ ಸರಪಳಿಯೂ ಹೆಚ್ಚುಕಡಿಮೆ ಅದೇ. ಆದರೆ ಪ್ರಾಣಿಗೂ ಯಂತ್ರಕ್ಕೂ ಇರುವ ಒಂದು ವ್ಯತ್ಯಾಸವನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗುಳ ಬಂಡೆಗೆ ಸಿಕ್ಕಿದರೆ ಎತ್ತು ನಿಂತುಬಿಡುತ್ತದೆ. ನೊಗ ಹೆಗಲಿಗೆ ಒತ್ತಿದ ಕ್ಷಣವೇ ಅದಕ್ಕೆ ಗೊತ್ತಾಗುತ್ತದೆ. ಹಿಂದಿರುವ ರೈತ ಮೇಣಿ ಎತ್ತಿ ನೇಗಿಲನ್ನು ಬಿಡಿಸಿಕೊಳ್ಳುತ್ತಾನೆ, ಎತ್ತಿನ ಬೆನ್ನು ತಟ್ಟಿ ಮುಂದೆ ಹೋಗುತ್ತಾನೆ. ಯಂತ್ರಕ್ಕೆ ಹೆಗಲೂ ಇಲ್ಲ, ನೋವೂ ಇಲ್ಲ. ನೇಗಿಲು ನಿಂತರೂ ಇಂಜಿನ್ ತಿರುಗುತ್ತಲೇ ಇರುತ್ತದೆ. ಹಿಂದಿನ ಚಕ್ರಗಳು ಮುಂದಕ್ಕೆ ಹೋಗಲಾರವು, ನೆಲವನ್ನು ಬಿಗಿಯಾಗಿ ಕಚ್ಚಿದ್ದರೆ ಜಾರಲೂ ಆರವು. ಆ ಬಲವೆಲ್ಲ ಎಲ್ಲಿಗೆ ಹೋಗಬೇಕು? ಚಕ್ರ ತಿರುಗದಿದ್ದರೆ ಟ್ರಾಕ್ಟರೇ ತಿರುಗುತ್ತದೆ. ಹಿಂದಿನ ಅಚ್ಚನ್ನು ಕೀಲು ಮಾಡಿಕೊಂಡು ಮೂತಿ ಮೇಲೇಳುತ್ತದೆ, ನೆಟ್ಟಗೆ ನಿಲ್ಲುತ್ತದೆ, ಹಿಮ್ಮುಖವಾಗಿ ಮಗುಚಿ ಸೀಟಿನಲ್ಲಿದ್ದವನ ಮೇಲೆ ಬೀಳುತ್ತದೆ. ಇದಿಷ್ಟಕ್ಕೂ ಒಂದೂವರೆ ಸೆಕೆಂಡು ಸಾಕು. ಕ್ಲಚ್ ತುಳಿಯಬೇಕೆಂದು ತಲೆಗೆ ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

1917ರಲ್ಲಿ ಹೆನ್ರಿ ಫೋರ್ಡ್ ತಯಾರಿಸತೊಡಗಿದ ಫೋರ್ಡ್‌ಸನ್ ಟ್ರಾಕ್ಟರಿಗೆ ಈ ಕೆಟ್ಟ ಹೆಸರು ಅಂಟಿಕೊಂಡಿತು. ಸುಮಾರು 1,200 ಕಿಲೊ ತೂಕ, 20 ಎಚ್‌ಪಿ, ಅಂದಿನ ದೈತ್ಯ ಟ್ರಾಕ್ಟರುಗಳ ಮುಂದೆ ಆಟಿಕೆಯಂತೆ ಕಾಣುತ್ತಿತ್ತು. 1922ರಲ್ಲಿ ಅದರ ಬೆಲೆ 395 ಡಾಲರಿಗೆ ಇಳಿಯಿತು. ಸಣ್ಣ ರೈತನ ಕೈಗೆ ಎಟುಕಿದ ಮೊದಲ ಟ್ರಾಕ್ಟರು ಅದು, ಅದನ್ನು ಮರೆಯುವಂತಿಲ್ಲ. ಆದರೆ ಅದೇ 1922ರಲ್ಲಿ ಡೆಟ್ರಾಯಿಟ್ ನಗರದ ಒಂದು ವಾರಪತ್ರಿಕೆ, ಈ ಟ್ರಾಕ್ಟರು 136 ಮಂದಿಯನ್ನು ಬಲಿ ತೆಗೆದುಕೊಂಡಿದೆ ಎಂದು ಬರೆಯಿತು. ಪತ್ರಿಕೆಗೆ ಫೋರ್ಡ್ ಮೇಲೆ ಹಗೆಯಿತ್ತು, ಸಂಖ್ಯೆಯನ್ನು ಹಾಗೇ ನಂಬಬೇಕಿಲ್ಲ. ಆದರೂ ಕಂಪನಿ ಮಾಡಿದ ಒಂದು ಕೆಲಸ ದೂರು ನಿಜವಿತ್ತು ಎಂಬುದನ್ನು ತೋರಿಸುತ್ತದೆ. ಸ್ವಲ್ಪ ಕಾಲದ ನಂತರ ಫೋರ್ಡ್‌ಸನ್‌ಗೆ ಬಾಲದಂತೆ ಹಿಂದಕ್ಕೆ ಚಾಚಿದ ಉದ್ದನೆಯ ಮಡ್‌ಗಾರ್ಡ್‌ಗಳು ಬಂದವು. ಟ್ರಾಕ್ಟರು ಮೇಲೆದ್ದರೆ ಈ ಬಾಲ ನೆಲಕ್ಕೆ ಊರಿಕೊಂಡು ಪೂರ್ತಿ ಮಗುಚದಂತೆ ತಡೆಯಬೇಕು. ರೋಗಕ್ಕೆ ಮದ್ದು ಸಿಗದೆ ಊರುಗೋಲು ಕೊಟ್ಟ ಹಾಗಾಯಿತು.

ಇನ್ನೊಂದು ದಾರಿ ತೂಕ ಹೆಚ್ಚಿಸುವುದು. ಎರಡು ಮೂರು ಟನ್ನಿನ ಟ್ರಾಕ್ಟರು ಸುಲಭಕ್ಕೆ ಮೇಲೇಳುವುದಿಲ್ಲ, ಚಕ್ರವೂ ಜಾರುವುದಿಲ್ಲ. ಅಮೆರಿಕದ ಬಯಲು ಸೀಮೆಗೆ ಅದು ಸರಿ. ಐರ್ಲೆಂಡಿನಲ್ಲಿ ಗದ್ದೆಗಳು ಅಂಗೈ ಅಗಲ, ಸುತ್ತ ಕಲ್ಲಿನ ಗೋಡೆ, ಒಳಗೆ ಜವುಗು, ಅಲ್ಲಲ್ಲಿ ತಲೆ ಹಾಕಿದ ಬಂಡೆ. ಅಲ್ಲಿ ಭಾರದ ಟ್ರಾಕ್ಟರು ಒಂದು ಮೂಲೆಯಲ್ಲಿ ತಿರುಗಿಸಿಕೊಳ್ಳುವುದೇ ಕಷ್ಟ. ತಿರುಗಿದರೂ ಮಣ್ಣನ್ನು ತುಳಿದು ಗಟ್ಟಿ ಮಾಡಿ ಹೋಗುತ್ತದೆ.

ಹ್ಯಾರಿ ಫರ್ಗುಸನ್ ಹುಟ್ಟಿದ್ದು ಇಂಥ ಊರಿನಲ್ಲಿ. 1884ರಲ್ಲಿ, ಉತ್ತರ ಐರ್ಲೆಂಡಿನ ಡೌನ್ ಸೀಮೆಯ ಒಕ್ಕಲು ಮನೆಯಲ್ಲಿ. ಹೊಲದ ಕೆಲಸ ಅವನಿಗೆ ಸೇರುತ್ತಿರಲಿಲ್ಲ, ಯಂತ್ರಗಳ ಹುಚ್ಚು. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನ ಹಾರಿಸಿ, ಐರ್ಲೆಂಡಿನಲ್ಲಿ ಹಾರಿದ ಮೊದಲಿಗ ಅನ್ನಿಸಿಕೊಂಡ. ಆಮೇಲೆ ಬೆಲ್‌ಫಾಸ್ಟ್‌ನಲ್ಲಿ ಮೋಟಾರು ಅಂಗಡಿ ಇಟ್ಟು ಕಾರು, ಟ್ರಾಕ್ಟರು ಮಾರಿದ. ಮೊದಲ ಮಹಾಯುದ್ಧ ನಡೆದಿತ್ತು. ಜರ್ಮನ್ ಜಲಾಂತರ್ಗಾಮಿಗಳು ಆಹಾರದ ಹಡಗುಗಳನ್ನು ಮುಳುಗಿಸುತ್ತಿದ್ದವು, ಇದ್ದ ನೆಲವನ್ನೆಲ್ಲ ಉತ್ತು ಬಿತ್ತಬೇಕೆಂದು ಸರ್ಕಾರ ಅವಸರ ಮಾಡುತ್ತಿತ್ತು. 1917ರಲ್ಲಿ ಐರ್ಲೆಂಡಿನ ಕೃಷಿ ಮಂಡಳಿ ಫರ್ಗುಸನ್ನನಿಗೆ ಊರೂರು ತಿರುಗಿ ರೈತರ ಟ್ರಾಕ್ಟರುಗಳು ಸರಿಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವ ಜವಾಬ್ದಾರಿ ಕೊಟ್ಟಿತು. ತನ್ನ ಮೆಕ್ಯಾನಿಕ್ ವಿಲ್ಲಿ ಸ್ಯಾಂಡ್ಸ್‌ನನ್ನು ಕರೆದುಕೊಂಡು ಅವನು ಹೊರಟ. ಹೊಲದಿಂದ ಹೊಲಕ್ಕೆ ಹೋಗಿ ನೋಡಿದಾಗ ಇಬ್ಬರಿಗೂ ಕಂಡದ್ದು ಒಂದೇ: ತೊಂದರೆ ಇಂಜಿನ್ನಿನಲ್ಲಿ ಕಡಿಮೆ, ಟ್ರಾಕ್ಟರಿಗೆ ನೇಗಿಲನ್ನು ಕಟ್ಟಿದ ರೀತಿಯಲ್ಲಿ ಹೆಚ್ಚು.

ಆ ವರ್ಷವೇ ಅವರು ಚಕ್ರವಿಲ್ಲದ ಒಂದು ಹಗುರ ನೇಗಿಲು ಮಾಡಿದರು. ಅದನ್ನು ಟ್ರಾಕ್ಟರಿನ ಬಾಲಕ್ಕೆ ಕಟ್ಟದೆ ಹೊಟ್ಟೆಯ ಕೆಳಗೆ, ಹಿಂದಿನ ಅಚ್ಚಿಗಿಂತ ಮುಂದೆ ಸಿಕ್ಕಿಸಿದರು. ನೇಗಿಲು ಎಳೆದಷ್ಟೂ ಟ್ರಾಕ್ಟರಿನ ಮೂತಿ ಕೆಳಕ್ಕೆ ಒತ್ತಿಕೊಳ್ಳುತ್ತಿತ್ತು. ಮುಂದಿನದೆಲ್ಲ ಈ ಒಂದು ಯೋಚನೆಯ ಬೆಳವಣಿಗೆ. ಅದಕ್ಕೆ ಇಪ್ಪತ್ತು ವರ್ಷ ಹಿಡಿಯಿತು ಎಂಬುದು ಬೇರೆ ಮಾತು. 1926ರಲ್ಲಿ ಹೈಡ್ರಾಲಿಕ್ ಲಿಫ್ಟಿನ ಪೇಟೆಂಟ್ ಸಿಕ್ಕಿತು. 1933ರಲ್ಲಿ ಅವನದೇ ಟ್ರಾಕ್ಟರಿನ ಮೊದಲ ಮಾದರಿ ತಯಾರಾಯಿತು. ಕಪ್ಪು ಬಣ್ಣ ಬಳಿದ ಆ ಯಂತ್ರ ಈಗಲೂ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿದೆ.

ಅದರ ಕೆಲಸದ ರೀತಿಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ. ಮಣ್ಣಿನ ತಡೆಯಿಂದಾಗಿ ನೇಗಿಲು ಮುಂದಕ್ಕೆ ಪಲ್ಟಿ ಹೊಡೆಯಲು ನೋಡುತ್ತದೆ. ಅದಕ್ಕೆ ಅಡ್ಡ ಬರುವುದು ಮೇಲಿನ ಸರಳು, ನಮ್ಮ ಗ್ಯಾರೇಜಿನವರು ಟಾಪ್ ಲಿಂಕ್ ಅನ್ನುವುದು. ಆ ಸರಳು ಟ್ರಾಕ್ಟರಿನ ಬೆನ್ನನ್ನು ಮುಂದಕ್ಕೆ ನೂಕುತ್ತದೆ. ಟ್ರಾಕ್ಟರಿನ ಮೂತಿ ಮೇಲೇಳಲು ಹೊರಟರೆ ಈ ನೂಕು ಅದನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಸರಳಿನ ತುದಿಯಲ್ಲಿ ಒಂದು ಬಲವಾದ ಸ್ಪ್ರಿಂಗ್ ಇದೆ. ನೇಗಿಲಿಗೆ ಗಟ್ಟಿ ನೆಲ ಸಿಕ್ಕಿ ಎಳೆತ ಹೆಚ್ಚಾದರೆ ಸ್ಪ್ರಿಂಗ್ ಅದುಮಿ ಹೈಡ್ರಾಲಿಕ್ಕಿಗೆ ಸುದ್ದಿ ಮುಟ್ಟಿಸುತ್ತದೆ, ಲಿಫ್ಟು ನೇಗಿಲನ್ನು ತುಸು ಮೇಲೆತ್ತುತ್ತದೆ. ಎತ್ತಿದಾಗ ನೇಗಿಲಿನ ಭಾರವೂ ಅದರ ಮೇಲಿನ ಮಣ್ಣಿನ ಭಾರವೂ ಹಿಂದಿನ ಚಕ್ರಗಳ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಅಂದರೆ ಹಗುರ ಟ್ರಾಕ್ಟರು ತನಗೆ ಬೇಕಾದ ತೂಕವನ್ನು ಬೇಕಾದಾಗ ಮಾತ್ರ ನೆಲದಿಂದ ಸಾಲ ಪಡೆಯುತ್ತದೆ. ಗುಳ ಬಂಡೆಗೇ ಬಡಿದರೆ ಹೈಡ್ರಾಲಿಕ್ ಆ ಭಾರವನ್ನು ಕೈಬಿಡುತ್ತದೆ. ಚಕ್ರ ಹಿಡಿತ ಕಳೆದುಕೊಂಡು ನಿಂತಲ್ಲೇ ಸುತ್ತುತ್ತದೆ, ಟ್ರಾಕ್ಟರು ಮೇಲೇಳುವುದಿಲ್ಲ. ಎತ್ತಿನ ಹಿಂದೆ ನಡೆಯುತ್ತಿದ್ದ ರೈತನ ಕೈ ಮೇಣಿಯ ಮೇಲೆ ಮಾಡುತ್ತಿದ್ದ ಕೆಲಸವನ್ನು ಫರ್ಗುಸನ್ ಒಂದು ಸ್ಪ್ರಿಂಗಿಗೆ ಕಲಿಸಿದ್ದ.

ಯಾರ್ಕ್‌ಶೈರಿನ ಗೇರ್ ತಯಾರಕ ಡೇವಿಡ್ ಬ್ರೌನ್ ಜೊತೆಗೂಡಿ 1936ರಿಂದ ಮಾರಾಟ ಶುರುವಾಯಿತು. ಟ್ರಾಕ್ಟರಿಗೆ 224 ಪೌಂಡು, ಜೊತೆಯ ಒಂದೊಂದು ಉಪಕರಣಕ್ಕೆ 26 ಪೌಂಡು. ಟ್ರಾಕ್ಟರಿನ ಜೊತೆ ಹೊಸ ನೇಗಿಲನ್ನೂ ಕೊಳ್ಳಬೇಕೆಂದರೆ ರೈತ ಹಿಂಜರಿಯುವುದು ಸಹಜ. ಹಳೆಯದು ಮನೆಯಲ್ಲಿ ಬಿದ್ದಿರುತ್ತದೆ, ಅದು ಇದಕ್ಕೆ ಸಿಕ್ಕುವುದಿಲ್ಲ. ಸುಮಾರು 1,350 ಟ್ರಾಕ್ಟರು ತಯಾರಾಗುವ ಹೊತ್ತಿಗೆ ಪಾಲುದಾರರ ನಡುವೆ ಮನಸ್ತಾಪ ಬಂತು. ಬ್ರೌನ್‌ಗೆ ದೊಡ್ಡ ಟ್ರಾಕ್ಟರು ಬೇಕಿತ್ತು, ಫರ್ಗುಸನ್ ಒಪ್ಪಲಿಲ್ಲ.

1938ರ ಅಕ್ಟೋಬರಿನಲ್ಲಿ ಫರ್ಗುಸನ್ ತನ್ನ ಟ್ರಾಕ್ಟರನ್ನು ಹಡಗಿನಲ್ಲಿ ಹೇರಿಸಿಕೊಂಡು ಅಮೆರಿಕಕ್ಕೆ ಹೋದ. ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡನ ಮನೆಯ ಹೊಲದಲ್ಲೇ ಉತ್ತು ತೋರಿಸಿದ. ಆಮೇಲೆ ಹೊರಗೆ ಮೇಜು ಕುರ್ಚಿ ಹಾಕಿಸಿ, ಕೀಲಿ ಕೊಟ್ಟರೆ ಓಡುವ ಪುಟ್ಟ ಆಟಿಕೆಯೊಂದನ್ನು ತೆಗೆದು, ನೇಗಿಲು ಎಲ್ಲಿ ಕಟ್ಟಿದರೆ ಏನಾಗುತ್ತದೆ ಎಂದು ವಿವರಿಸಿದ. ತನ್ನ ಹೆಸರಿನ ಟ್ರಾಕ್ಟರು ಮಗುಚಿ ಜನ ಸತ್ತದ್ದನ್ನು ಕಂಡಿದ್ದ ಮುದುಕನಿಗೆ ಅದು ತಟ್ಟನೆ ಅರ್ಥವಾಗಿರಬೇಕು. ಅಲ್ಲೇ ಕೈಕುಲುಕಿದರು. ಫೋರ್ಡ್ ತಯಾರಿಸುವುದು, ಫರ್ಗುಸನ್ ವಿನ್ಯಾಸ ಕೊಟ್ಟು ಮಾರುವುದು. ಬೇಡವೆನಿಸಿದರೆ ಯಾರು ಬೇಕಾದರೂ ಬಿಡಬಹುದು. ಕಾಗದವಿಲ್ಲ, ವಕೀಲರಿಲ್ಲ. 1939ರ ಜೂನ್ ತಿಂಗಳಲ್ಲಿ ಹೊಸ ಟ್ರಾಕ್ಟರು ಹೊರಬಂತು. ಅದು ಎಷ್ಟು ಸಲೀಸು ಎಂದು ತೋರಿಸಲು ಎಂಟು ವರ್ಷದ ಹುಡುಗನಿಂದ ಉಳುಮೆ ಮಾಡಿಸಿದರು. ಇಂದಿನ ಕಣ್ಣಿಗೆ ಮೈ ಜುಮ್ಮೆನ್ನುವ ಪ್ರಚಾರ. ಎಂಟು ವರ್ಷಗಳಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಟ್ರಾಕ್ಟರು ಮಾರಾಟವಾದವು.

ಕೈಕುಲುಕಿದ ಒಪ್ಪಂದ ಕೈಕುಲುಕಿದವರು ಇರುವವರೆಗೆ ಮಾತ್ರ. 1947ರಲ್ಲಿ ಹೆನ್ರಿ ಫೋರ್ಡ್ ತೀರಿಕೊಂಡ. ಅಷ್ಟರಲ್ಲಿ ಕಂಪನಿ ಮೊಮ್ಮಗನ ಕೈಗೆ ಬಂದಿತ್ತು. ಅದೇ ವರ್ಷ ಕಂಪನಿ ಫರ್ಗುಸನ್ನನನ್ನು ಬಿಟ್ಟು, ಅವನ ಮೂರು ಪಿನ್ನುಗಳನ್ನು ಮಾತ್ರ ಉಳಿಸಿಕೊಂಡು ತನ್ನದೇ ಟ್ರಾಕ್ಟರು ಮಾರತೊಡಗಿತು. ಫರ್ಗುಸನ್ 25.1 ಕೋಟಿ ಡಾಲರ್ ಪರಿಹಾರ ಕೇಳಿ ಮೊಕದ್ದಮೆ ಹೂಡಿದ. ನಾಲ್ಕು ವರ್ಷ ನಡೆದು 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಅವನು ಗೆದ್ದನೆಂದು ಬರೆದವರಿದ್ದಾರೆ, ಸೋತನೆಂದೂ ಬರೆದಿದ್ದಾರೆ. ಗೆದ್ದವನು ರೈತ ಎಂದು ನನ್ನ ಲೆಕ್ಕ. ಮೂಲ ಪೇಟೆಂಟುಗಳ ಅವಧಿ ಮುಗಿಯುತ್ತ ಬಂದಿತ್ತು, ಒಂದೊಂದಾಗಿ ಎಲ್ಲ ಕಂಪನಿಗಳೂ ಅದೇ ತ್ರಿಕೋನಕ್ಕೆ ಬಂದವು, ಕೊನೆಗೆ ಅದರ ಅಳತೆಗಳು ಜಗತ್ತಿಗೆಲ್ಲ ಒಂದೇ ಆದವು. ಸಣ್ಣ ಟ್ರಾಕ್ಟರಿಗೆ ಕೆಳಗಿನ ಪಿನ್ನು 22 ಮಿಲಿಮೀಟರ್, ಮೇಲಿನದು 19 ಮಿಲಿಮೀಟರ್. ಎಪ್ಪತ್ತು ವರ್ಷದ ಹಳೆಯ ಟ್ರಾಕ್ಟರಿಗೆ ನಿನ್ನೆ ತಯಾರಾದ ಕಲ್ಟಿವೇಟರ್ ಕಟ್ಟಬಹುದು. ಹಳೆಯ ಟ್ರಾಕ್ಟರನ್ನು ಕೊಂಡು ತನಗೆ ಬೇಕಾದಂತೆ ಸಜ್ಜು ಮಾಡಿಕೊಳ್ಳುವುದು ಸಾಧ್ಯವಾಗಿರುವುದೇ ಇದರಿಂದ.

ಈ ಜಗಳದ ನಡುವೆಯೇ ಫರ್ಗುಸನ್ನನ ಅತ್ಯುತ್ತಮ ಟ್ರಾಕ್ಟರು ಬಂತು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಟಿಇ-20. ಮೈಯೆಲ್ಲ ಬೂದು ಬಣ್ಣ, ತೂಕ ಸುಮಾರು 1,100 ಕಿಲೊ, ಶಕ್ತಿ 25 ಎಚ್‌ಪಿಯ ಆಸುಪಾಸು. ಐದು ಲಕ್ಷಕ್ಕೂ ಹೆಚ್ಚು ಕಾರ್ಖಾನೆಯಿಂದ ಹೊರಬಂದವು. ನಾರ್ವೆಯಲ್ಲಂತೂ ಅದು ಮಕ್ಕಳ ಕಥೆಗಳ ನಾಯಕನೇ ಆಗಿಬಿಟ್ಟಿದೆ. ಇಳಿಜಾರಿನಲ್ಲಿ ಅಗಲ ಬೇಕು, ಬೆಳೆಯ ಸಾಲಿನಲ್ಲಿ ಇಕ್ಕಟ್ಟು ಬೇಕು ಎಂದು ಅದರ ಚಕ್ರಗಳ ನಡುವಿನ ಅಂತರವನ್ನು 48 ಇಂಚಿನಿಂದ 76 ಇಂಚಿನವರೆಗೆ ಬದಲಾಯಿಸುವಂತೆ ಮಾಡಿದ್ದರು. ಗೇರ್ ಹಾಕಿದ ಕಡ್ಡಿಯಿಂದಲೇ ಸ್ಟಾರ್ಟ್ ಮಾಡಬೇಕು. ಹಾಗಾಗಿ ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗಿ ಎದುರಿಗಿದ್ದವನ ಮೇಲೆ ಹಾಯುವ ಭಯವಿಲ್ಲ. ಜೊತೆಗೆ ಕೊಡುತ್ತಿದ್ದ ಒಂದು ಸ್ಪ್ಯಾನರಿನ ಮೈಮೇಲೆ ಇಂಚುಗಳ ಗುರುತು. ನಟ್ಟು ಬಿಗಿಯಲೂ ಅದೇ, ನೇಗಿಲಿನ ಅಳತೆ ಹಿಡಿಯಲೂ ಅದೇ. ಹೊಲದ ನಡುವೆ ಒಬ್ಬನೇ ನಿಂತಿರುವ ಮನುಷ್ಯನನ್ನು ಮನಸ್ಸಿನಲ್ಲಿಟ್ಟು ಮಾಡಿದ ಯಂತ್ರ ಎಂದು ಇಂಥ ಸಣ್ಣ ವಿಷಯಗಳಲ್ಲಿ ಗೊತ್ತಾಗುತ್ತದೆ.

ಅದರ ಅತಿ ಕಠಿಣ ಪರೀಕ್ಷೆ ಹೊಲದಲ್ಲಿ ನಡೆಯಲಿಲ್ಲ. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1957ರ ಅಕ್ಟೋಬರಿನಲ್ಲಿ ಇಂಥ ಮೂರು ಟ್ರಾಕ್ಟರುಗಳನ್ನು ತೆಗೆದುಕೊಂಡು ಅಂಟಾರ್ಕ್ಟಿಕಾದ ಹಿಮದ ಮೇಲೆ ಹೊರಟ. ಮುಂದಿನ ಹಿಂದಿನ ಚಕ್ರಗಳನ್ನು ಬಳಸಿ ಪಟ್ಟಿ ಹಾಕಿಸಿದ್ದ, ಗಾಳಿ ತಡೆಯಲು ಕ್ಯಾನ್ವಾಸಿನ ಮರೆ ಕಟ್ಟಿಸಿದ್ದ. ಟ್ರಾಕ್ಟರುಗಳನ್ನು ಒಂದಕ್ಕೊಂದು ಹಗ್ಗದಿಂದ ಬಿಗಿದಿದ್ದರು; ಒಂದು ಹಿಮದ ಬಿರುಕಿಗೆ ಜಾರಿದರೆ ಉಳಿದವು ಎಳೆದು ಹಿಡಿಯಬೇಕು. ಪರ್ವತಾರೋಹಿಯೊಬ್ಬನಿಗೆ ಮಾತ್ರ ಹೊಳೆಯುವ ಉಪಾಯ. 1958ರ ಜನವರಿ 4ರಂದು ಮೂರೂ ದಕ್ಷಿಣ ಧ್ರುವ ಮುಟ್ಟಿದವು. ನೆಲದ ಮೇಲೆ ಓಡಿ ಅಲ್ಲಿಗೆ ತಲುಪಿದ ಮೊದಲ ಮೋಟಾರು ವಾಹನಗಳು ಅವು.

ಫರ್ಗುಸನ್ 1953ರಲ್ಲಿ ತನ್ನ ವ್ಯವಹಾರವನ್ನು ಕೆನಡಾದ ಮ್ಯಾಸಿ-ಹ್ಯಾರಿಸ್ ಕಂಪನಿಯೊಂದಿಗೆ ಸೇರಿಸಿದ. ಬೆಲೆಯಲ್ಲಿ ಉಳಿದ ಹತ್ತು ಲಕ್ಷ ಡಾಲರಿನ ವ್ಯತ್ಯಾಸವನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರಂತೆ, ಅವನು ಸೋತನಂತೆ. ಟಿಇ-20ರ ನಂತರ ಬಂದ 35ನೇ ಮಾದರಿ ಕೆಂಪು ಬಣ್ಣಕ್ಕೆ ತಿರುಗಿತು. 1960ರಲ್ಲಿ ಮದರಾಸಿನಲ್ಲಿ ಮ್ಯಾಸಿ ಫರ್ಗುಸನ್ ಸಹಯೋಗದಲ್ಲಿ ಟಾಫೆ ಕಂಪನಿ ಶುರುವಾಯಿತು. ಈಗ ನಮ್ಮ ದೊಡ್ಡಬಳ್ಳಾಪುರದಲ್ಲೂ ಅದರ ಕಾರ್ಖಾನೆಯಿದೆ. ಕರ್ನಾಟಕದ ಹಳ್ಳಿಗಳಲ್ಲಿ ‘ಮ್ಯಾಸಿ’ ಎಂದು ಕರೆಯುವ ಕೆಂಪು ಟ್ರಾಕ್ಟರಿನ ಅಜ್ಜ ಆ ಬೂದು ಬಣ್ಣದ ಪುಟ್ಟ ಯಂತ್ರವೇ. ಬೆಂಗಳೂರಿನ ವಿಎಸ್‌ಟಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಪವರ್ ಟಿಲ್ಲರ್‌ನಿಂದ ಆರಂಭಿಸಿ, ಮುಂದೆ 18.5 ಎಚ್‌ಪಿಯ ಇನ್ನೂ ಸಣ್ಣ ಟ್ರಾಕ್ಟರು ಮಾಡಿತು. ವಂಶ ಬೇರೆ, ಹಿಂಬದಿಯ ತ್ರಿಕೋನ ಅದೇ.

ಹಾಗಾದರೆ ಟ್ರಾಕ್ಟರು ಮಗುಚುವುದು ನಿಂತಿತೇ? ಇಲ್ಲ. ಫರ್ಗುಸನ್ನನ ಜಾಣತನ ಕೆಲಸ ಮಾಡುವುದು ಭಾರವನ್ನು ಅವನು ಹೇಳಿದಲ್ಲಿ ಕಟ್ಟಿದಾಗ ಮಾತ್ರ. ಬೇರು ಕೀಳಬೇಕು ಎಂದು ಟಾಪ್ ಲಿಂಕಿನ ಜಾಗಕ್ಕೆ, ಅಥವಾ ಅಚ್ಚಿಗೇ ಸರಪಳಿ ಸುತ್ತಿ ಎಳೆದರೆ, ಎಷ್ಟು ಹೊಸ ಟ್ರಾಕ್ಟರಾದರೂ ಆ ಕ್ಷಣಕ್ಕೆ 1917ರ ಫೋರ್ಡ್‌ಸನ್ ಆಗಿಬಿಡುತ್ತದೆ. ಕೆಸರುಗದ್ದೆಯಲ್ಲಿ ಕೇಜ್ ವೀಲ್ ಹೂತುಹೋದಾಗ ಚಕ್ರದ ಮುಂದೆ ದಿಮ್ಮಿ ಕೊಟ್ಟು ಆಕ್ಸಿಲರೇಟರ್ ಒತ್ತುವುದೂ ಅಷ್ಟೇ ಅಪಾಯ. ಚಕ್ರ ತಿರುಗಲಾರದು, ಮೂತಿ ಏಳುತ್ತದೆ. ಅಲ್ಲಿ ರಿವರ್ಸ್ ಗೇರೇ ಗತಿ. ಮಂಡ್ಯ, ಬೆಳಗಾವಿ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡು ಡಬ್ಬಿ ಹೇರಿಕೊಂಡ ಟ್ರಾಕ್ಟರು ಏರು ಹತ್ತುವಾಗ ಮುಂದಿನ ಚಕ್ರ ಗಾಳಿಯಲ್ಲಿ ತೇಲುವುದನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅದನ್ನು ಒತ್ತಲು ಮೂತಿಯ ಮೇಲೆ ಆಳುಗಳನ್ನು ಕೂರಿಸುವುದೂ ಉಂಟು. ಮುಂದಿನ ಬಂಪರಿಗೆ ಕಬ್ಬಿಣದ ಕಟ್ಟೆ ಹಾಕಿಸಲು ಎಷ್ಟು ಖರ್ಚಾದೀತು ಎಂದು ಆಗೆಲ್ಲ ಅನ್ನಿಸುತ್ತದೆ.

ಹಾಗಾಗಿ ಒರಟು ನೆಲಕ್ಕೆ ಹಳೆಯ ಟ್ರಾಕ್ಟರು ತರುವವರು ಹಿಂದೆ ಹೋಗಿ ಬಗ್ಗಿ ನೋಡುವುದೇ ಒಳ್ಳೆಯದು. ಭಾರದ ಉಪಕರಣವೊಂದನ್ನು ಎತ್ತಿ ಇಂಜಿನ್ ನಿಲ್ಲಿಸಿ ಒಂದು ಚಹಾ ಕುಡಿದು ಬಂದರೆ ಲಿಫ್ಟಿನ ಯೋಗ್ಯತೆ ತಿಳಿಯುತ್ತದೆ. ನೋಡನೋಡುತ್ತ ಕೆಳಗಿಳಿದರೆ ಒಳಗೆ ಎಣ್ಣೆ ಸೋರುತ್ತಿದೆ. ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಕಳೆದುಹೋದ ಟಾಪ್ ಲಿಂಕಿನ ಬದಲು ಕಬ್ಬಿಣದ ತುಂಡೊಂದನ್ನು ವೆಲ್ಡ್ ಮಾಡಿದ್ದರೆ, ಆ ಟ್ರಾಕ್ಟರು ಹೇಗೆ ದುಡಿದು ಬಂದಿದೆ ಎಂದು ಬೇರೆ ಯಾರೂ ಹೇಳಬೇಕಿಲ್ಲ. ಸಜ್ಜು ಮಾಡಿಸುವ ಹಣ ಮೊದಲು ಇಲ್ಲಿ ಬೀಳಲಿ. ಹಿಂದಿನ ಟೈರಿಗೆ ನೀರು ತುಂಬಿಸಿ ತೂಕ ತಗ್ಗಿಗೆ ತರುವುದು, ಇಳಿಜಾರಿದ್ದರೆ ಚಕ್ರಗಳನ್ನು ಹೊರಕ್ಕೆ ಸರಿಸುವುದು, ಪಿಟಿಒ ಶಾಫ್ಟಿಗೆ ಮರೆ ಹಾಕಿಸುವುದು ಆಮೇಲೆ. ಹೊಸ ಪೇಂಟು ಎಲ್ಲಕ್ಕಿಂತ ಕೊನೆಗೆ.

ಪಕ್ಕಕ್ಕೆ ಉರುಳುವುದನ್ನು ಮಾತ್ರ ಮೂರು ಪಿನ್ನುಗಳು ತಡೆಯಲಾರವು. ಅದಕ್ಕೆ ಉತ್ತರ ಹುಡುಕಿದ್ದು ಸ್ವೀಡನ್. 1959ರಿಂದ ಅಲ್ಲಿ ಹೊಸ ಟ್ರಾಕ್ಟರುಗಳಿಗೆಲ್ಲ ಉರುಳಿದರೂ ಜಜ್ಜದಂಥ ಉಕ್ಕಿನ ಚೌಕಟ್ಟು ಕಡ್ಡಾಯವಾಯಿತು, ಮುಂದೆ ಹಳೆಯವಕ್ಕೂ ಹಾಕಿಸಿದರು. ಟ್ರಾಕ್ಟರಿನಡಿ ಸಿಕ್ಕಿ ಸಾಯುವುದು ಅಲ್ಲಿ ಕ್ರಮೇಣ ಅಪರೂಪವಾಯಿತು. ಅಮೆರಿಕದ ತಯಾರಕರು ತಾವಾಗಿ ಒಪ್ಪಿ ಹೊಸ ಟ್ರಾಕ್ಟರುಗಳಿಗೆಲ್ಲ ಅದನ್ನು ಹಾಕತೊಡಗಿದ್ದು 1985ರಲ್ಲಿ. ನಮ್ಮ ಕಡೆಯ ವೆಲ್ಡಿಂಗ್ ಅಂಗಡಿಗಳಲ್ಲಿ ಹಳೆಯ ಟ್ರಾಕ್ಟರಿಗೆ ಹಾಕಿಕೊಡುವುದು ಬಿಸಿಲು ಮಳೆಗೆ ಆಗುವ ತಗಡಿನ ಟಾಪು. ನಾಲ್ಕು ತೆಳು ಪೈಪು, ಮೇಲೊಂದು ಶೀಟು, ಅಂಚಿಗೆ ಬಣ್ಣದ ಕುಚ್ಚು, ಮುಂದೆ ಮನೆದೇವರ ಹೆಸರು. ಟ್ರಾಕ್ಟರು ಮಗುಚಿದರೆ ಆ ಪೈಪು ತಡೆಯುವುದು ಏನನ್ನೂ ಅಲ್ಲ. ಅದನ್ನು ಕಟ್ಟುವ ಮೇಸ್ತ್ರಿಯ ಕೈಯಲ್ಲಿ ವೆಲ್ಡಿಂಗ್ ಯಂತ್ರವಿದೆ, ಮೂಲೆಯಲ್ಲಿ ಕಬ್ಬಿಣದ ರಾಶಿಯೂ ಇದೆ. ಆದರೆ ಅಂಥ ಚೌಕಟ್ಟು ಅಂದಾಜಿನ ಮೇಲೆ ಮಾಡುವಂಥದ್ದಲ್ಲ. ಅಚ್ಚಿನ ಗೂಡಿಗೆ ಎಲ್ಲಿ ಬೋಲ್ಟು ಕೂರಬೇಕು, ಕಂಬ ಎಷ್ಟು ಬಾಗಿ ಎಲ್ಲಿ ನಿಲ್ಲಬೇಕು ಎಂದು ಮಾದರಿ ಮಾದರಿಗೆ ಪರೀಕ್ಷೆ ಮಾಡಿ ತಯಾರಿಸಬೇಕು, ಸೀಟಿಗೆ ಬೆಲ್ಟೂ ಇರಬೇಕು. ಅದನ್ನು ಕೇಳಿಕೊಂಡು ಅಂಗಡಿಗೆ ಹೋಗುವ ಗಿರಾಕಿಗಳು ಇನ್ನೂ ಬಂದಿಲ್ಲ. ಟಾಪು ಕೇಳುವವರು ಸುಗ್ಗಿಯ ಮುಂಚೆ ಸಾಲುಗಟ್ಟುತ್ತಾರೆ.